ಆರು ಕೆ ಹಾಕಿಸೋದಾ, ಎಂಟು ಕೆ ಹಾಕಿಸೋದಾ?

ನಮಸ್ಕಾರ. ಕಾರ್ ಮಾಡಿಫೈ ಮಾಡಿಸೋರು ನಾಲ್ಕು ಜನ ಸೇರಿದ್ರೆ ಮಾತು ಇಲ್ಲಿಗೇ ಬರುತ್ತೆ: "ನಿನ್ನ ಕಾರಿಗೆ ಎಷ್ಟು ಕೆ ಸ್ಪ್ರಿಂಗ್?" ಒಬ್ಬ ಆರು ಅಂತಾನೆ, ಇನ್ನೊಬ್ಬ ಎಂಟು ಅಂತಾನೆ. ಕೇಳಿಸಿಕೊಂಡ ಮೂರನೆಯವನು ಹೋಗಿ ಎಂಟೇ ಹಾಕಿಸಿಕೊಂಡು ಬರ್ತಾನೆ. ಅವನ ಕಾರಿನ ತೂಕ ಎಷ್ಟು ಅಂತ ಯಾರೂ ಕೇಳಿರಲ್ಲ. ಇವತ್ತು ಅದನ್ನೇ ಮಾತಾಡೋಣ.

6ಕೆ ಅಂದ್ರೆ ಆ ಸ್ಪ್ರಿಂಗನ್ನ ಒಂದು ಮಿಲಿಮೀಟರ್ ಕುಗ್ಗಿಸೋಕೆ 6 ಕೆಜಿ ಭಾರ ಬೇಕು. ಡಬ್ಬದ ಮೇಲಿನ ನಂಬರ್ ಹೇಳೋದು ಇಷ್ಟನ್ನೇ. ಸ್ಪ್ರಿಂಗ್ ಚಕ್ರದಿಂದ ಎಷ್ಟು ಒಳಗೆ ಕೂತಿದೆ, ಎಷ್ಟು ಓರೆಯಾಗಿ ಕೂತಿದೆ ಅನ್ನೋದು ನಿಮ್ಮ ಕಾರಿಗೆ ಬಿಟ್ಟಿದ್ದು. ಚಕ್ರ 10 ಮಿ.ಮೀ. ಮೇಲೆದ್ದಾಗ ಸ್ಪ್ರಿಂಗ್ ಎಷ್ಟು ಮಿ.ಮೀ. ಕುಗ್ಗುತ್ತೆ ಅನ್ನೋ ಲೆಕ್ಕಕ್ಕೆ ಮೋಷನ್ ರೇಶಿಯೋ ಅಂತಾರೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಎರಡೂ ಚಕ್ರದ ಪಕ್ಕದಲ್ಲೇ ಒಂದೇ ಕಂಬವಾಗಿ ನಿಲ್ಲೋ ವ್ಯವಸ್ಥೆ) ಇರೋ ಕಾರಿನ ಮುಂದುಗಡೆ ಅದು 0.95ರ ಆಸುಪಾಸು. ಡಬಲ್ ವಿಶ್‌ಬೋನ್ (ಚಕ್ರವನ್ನ ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರೋ ವ್ಯವಸ್ಥೆ) ಇದ್ದು ಸ್ಪ್ರಿಂಗ್ ಒಳಗೆ ಕೂತಿದ್ರೆ 0.65ಕ್ಕೂ ಇಳಿಯಬಹುದು. ಸನ್ನೆಕೋಲಿನ ಹಾಗೆ ಬಲವೂ ಕಡಿಮೆಯಾಗುತ್ತೆ, ಚಲನೆಯೂ ಕಡಿಮೆಯಾಗುತ್ತೆ, ಅದಕ್ಕೇ ಈ ಸಂಖ್ಯೆಯಿಂದ ಎರಡು ಸಲ ಗುಣಿಸಬೇಕು. ಅದೇ 6ಕೆ ಸ್ಪ್ರಿಂಗ್ ಸ್ಟ್ರಟ್ ಕಾರಿನ ಚಕ್ರದ ಹತ್ತಿರ 5.4 ಆಗುತ್ತೆ, ವಿಶ್‌ಬೋನ್ ಕಾರಿನಲ್ಲಿ 2.5. ಸ್ಪ್ರಿಂಗ್ ಒಂದೇ, ಪರಿಣಾಮ ಅರ್ಧಕ್ಕಿಂತ ಕಡಿಮೆ.

ಹಾಗಾದ್ರೆ ಯಾವುದನ್ನ ಹಿಡಿದು ಆರಿಸಬೇಕು? ಫ್ರೀಕ್ವೆನ್ಸಿ. ಶಾಕ್ ಅಬ್ಸಾರ್ಬರ್ ಇಲ್ಲದೆ ಬರೀ ಸ್ಪ್ರಿಂಗ್ ಮೇಲೆ ಕಾರು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗುತ್ತೆ ಅನ್ನೋದು. ಮನೆ ಮಂದಿ ಓಡಾಡೋ ಕಾರು 1ರಿಂದ 1.5 ಹರ್ಟ್ಸ್. ಚುರುಕಾದ ರೋಡ್ ಕಾರು 1.5ರಿಂದ 2. ಡೌನ್‌ಫೋರ್ಸ್ (ಗಾಳಿ ಕಾರನ್ನ ಕೆಳಕ್ಕೆ ಒತ್ತೋ ಬಲ) ಇಲ್ಲದ ಟ್ರ್ಯಾಕ್ ಕಾರು 2ರಿಂದ 2.5. ಅದಕ್ಕೂ ಮೇಲೆ ಹೋಗೋದು ದೊಡ್ಡ ರೆಕ್ಕೆ ಕಟ್ಟಿಕೊಂಡ ರೇಸ್ ಕಾರುಗಳು.

ಈಗ ತೂಕ. ಲಾರಿ ತೂಗೋ ವೇಬ್ರಿಜ್‌ಗೆ ಹೋಗಿ, ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿಕೊಂಡು ನೀವೇ ಸ್ಟೇರಿಂಗ್ ಹಿಂದೆ ಕೂತಿರಿ. ಮುಂದಿನ ಎರಡು ಚಕ್ರ ಮಾತ್ರ ಮೇಲೇರಿಸಿ ಒಂದು ಚೀಟಿ, ಹಿಂದಿನ ಎರಡು ಮಾತ್ರ ಇಟ್ಟು ಇನ್ನೊಂದು ಚೀಟಿ. ಐದು ಹತ್ತು ಕೆಜಿ ಹೆಚ್ಚುಕಡಿಮೆ ತೋರಿಸಿದ್ರೂ ನಮ್ಮ ಕೆಲಸ ಕೆಡಲ್ಲ. ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್ ಒಂದಕ್ಕೆ ಮುಂದೆ 660, ಹಿಂದೆ 400 ಬಂತು ಅಂತಿಟ್ಟುಕೊಳ್ಳಿ. ಮುಂದಿನ ಒಂದು ಮೂಲೆಗೆ 330. ಅದರಲ್ಲಿ ಚಕ್ರ, ಟೈರು, ಹಬ್, ಬ್ರೇಕು, ಆರ್ಮ್‌ನ ಅರ್ಧ ಭಾರ ಎಲ್ಲಾ ಸೇರಿ 35 ಕೆಜಿ ಕಳೀರಿ, ಅವು ಸ್ಪ್ರಿಂಗ್ ಹೊರೋ ಭಾರವಲ್ಲ. ಉಳಿದದ್ದು 295.

ನಿಮಗೆ 1.8 ಹರ್ಟ್ಸ್ ಬೇಕು. 1.8ನ್ನ 6.28ರಿಂದ ಗುಣಿಸಿ: 11.3. ಅದರ ವರ್ಗ ಸುಮಾರು 128. 295ರಿಂದ ಗುಣಿಸಿ 1000ದಿಂದ ಭಾಗಿಸಿದ್ರೆ ಚಕ್ರದಲ್ಲಿ 37.7 ನ್ಯೂಟನ್ ಪ್ರತಿ ಮಿಲಿಮೀಟರ್. ಅದನ್ನ 0.95ರ ವರ್ಗದಿಂದ ಭಾಗಿಸಿದ್ರೆ ಸ್ಪ್ರಿಂಗ್ 41.8, ಅದನ್ನ 9.81ರಿಂದ ಭಾಗಿಸಿದ್ರೆ ಕೆ ಲೆಕ್ಕದಲ್ಲಿ 4.3. ಅಂದ್ರೆ ಈ ಕಾರಿಗೆ 4ಕೆ, ಹೆಚ್ಚೆಂದರೆ 4.5ಕೆ. ಇದೇ ಕಾರಿಗೆ ಎಂಟು ಹಾಕಿದ್ರೆ ಫ್ರೀಕ್ವೆನ್ಸಿ 2.5ರ ಹತ್ತಿರ ಹೋಗುತ್ತೆ. ಅದು ಟ್ರೇಲರ್ ಮೇಲೆ ಟ್ರ್ಯಾಕಿಗೆ ಹೋಗೋ ಕಾರಿನ ಸ್ಪ್ರಿಂಗ್. ಬೆಂಗಳೂರಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಸರ್ಕ್ಯೂಟಿಗೆ ಓಡಿಸಿಕೊಂಡು ಹೋಗಿ, ಅಲ್ಲಿ ಲ್ಯಾಪ್ ಹೊಡೆದು, ಅದೇ ಕಾರಲ್ಲಿ ಮನೆಗೆ ಬರೋರಿಗೆ 1.8 ಸಾಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂತ ಕೇಳಿ. ಕಾರು ತನ್ನ ಭಾರಕ್ಕೆ ಸ್ಪ್ರಿಂಗ್ ಮೇಲೆ ಎಷ್ಟು ಕುಗ್ಗಿ ಕೂತಿರುತ್ತೋ, ಚಕ್ರ ಗುಂಡಿಗೆ ಇಳಿಯುವಾಗ ಸ್ಪ್ರಿಂಗ್ ಅದನ್ನ ಅಷ್ಟು ದೂರ ಮಾತ್ರ ಕೆಳಕ್ಕೆ ತಳ್ಳಬಲ್ಲದು. 1.3 ಹರ್ಟ್ಸ್‌ನಲ್ಲಿ ಆ ದೂರ 147 ಮಿ.ಮೀ. 1.8ರಲ್ಲಿ 77. 2.5ರಲ್ಲಿ ಬರೀ 40. ನಾಲ್ಕು ಸೆಂಟಿಮೀಟರಿಗಿಂತ ಆಳದ ಗುಂಡಿ ಬಂದ್ರೆ ಸ್ಪ್ರಿಂಗ್ ಸಡಿಲವಾಗಿ ತನ್ನ ಸೀಟು ಬಿಟ್ಟು ಕಟಕಟ ಅನ್ನುತ್ತೆ. ಅದಕ್ಕೇ ಗಡಸು ಸ್ಪ್ರಿಂಗ್ ಜೊತೆ ಹೆಲ್ಪರ್ ಸ್ಪ್ರಿಂಗ್ ಅಂತ ಮೆತ್ತನೆಯ ಪುಟ್ಟ ಸ್ಪ್ರಿಂಗ್ ಕೊಡೋದು. ಅದು ಸೀಟು ಹಿಡಿದಿಡುತ್ತೆ ಅಷ್ಟೇ, ಟೈರನ್ನ ರಸ್ತೆಗೆ ಒತ್ತೋ ಬಲ ಅದಕ್ಕಿಲ್ಲ.

ಹಾಗಂತ ಗಡಸುತನ ಬೇಡವೇ ಬೇಡ ಅಂತ ಹೇಳ್ತಿಲ್ಲ. 1 ಜಿ, ಅಂದ್ರೆ ಗುರುತ್ವದಷ್ಟೇ ಜೋರಿನ ಬ್ರೇಕ್ ಹೊಡೆದಾಗ ಈ ಕಾರಿನಲ್ಲಿ ಒಂದೊಂದು ಮುಂದಿನ ಚಕ್ರದ ಮೇಲೆ ಸುಮಾರು 105 ಕೆಜಿ ಹೆಚ್ಚುವರಿ ಭಾರ ಬೀಳುತ್ತೆ. ಕಂಪನಿ ಕೊಟ್ಟ ಸ್ಪ್ರಿಂಗ್ 1.3 ಹರ್ಟ್ಸ್‌ದು ಅಂದ್ರೆ ಮೂಗು ಸುಮಾರು 52 ಮಿ.ಮೀ. ಮುಳುಗುತ್ತೆ, 1.8ರಲ್ಲಿ 27. ಸ್ಟ್ರಟ್ ಕಾರು ತಿರುವಿನಲ್ಲಿ ವಾಲಿದಷ್ಟೂ ಹೊರಗಿನ ಟೈರು ತನ್ನ ಅಂಚಿನ ಮೇಲೆ ನಿಲ್ಲುತ್ತೆ, ವಾಲೋದು ಕಡಿಮೆಯಾದ್ರೆ ಟೈರಿನ ಪೂರ್ತಿ ಅಗಲ ರಸ್ತೆಗೆ ಸಿಗುತ್ತೆ. ಗಡಸು ಸ್ಪ್ರಿಂಗ್‌ನ ನಿಜವಾದ ಲಾಭ ಇದು. ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಹೋಗೋ ಒಟ್ಟು ಭಾರ ಮಾತ್ರ ಕಡಿಮೆಯಾಗಲ್ಲ. ಅದನ್ನ ತೀರ್ಮಾನಿಸೋದು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ. ಸ್ಪ್ರಿಂಗು, ಆಂಟಿ ರೋಲ್ ಬಾರು (ಎಡಬಲ ಚಕ್ರಗಳನ್ನ ಜೋಡಿಸಿ ವಾಲೋದನ್ನ ತಡೆಯೋ ಕಂಬಿ) ಆ ಭಾರವನ್ನ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಹಂಚುತ್ತವೆ. ಕಾರಿನ ಮೂಗು ತಿರುವಿನಲ್ಲಿ ಹೊರಕ್ಕೆ ಜಾರ್ತಿದೆ ಅಂತ ಮುಂದಿನ ಸ್ಪ್ರಿಂಗ್ ಇನ್ನೂ ಗಡಸು ಮಾಡಿಸೋರು ಮುಂದಿನ ಟೈರಿಗೇ ಹೆಚ್ಚು ಶಿಕ್ಷೆ ಕೊಡ್ತಾರೆ. ಹಿಂದಿನ ಬಾರ್ ದಪ್ಪ ಮಾಡಿಸಿ ನೋಡಿ.

ಹಿಂದಿನ ಸ್ಪ್ರಿಂಗ್‌ಗೆ 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿ ಎಂಜಿನಿಯರ್ ಮಾರಿಸ್ ಓಲಿ ಕಂಡುಕೊಂಡ ಸೂತ್ರ ರೋಡ್ ಕಾರಿಗೆ ಇವತ್ತಿಗೂ ಸರಿ: ಹಿಂದಿನ ಫ್ರೀಕ್ವೆನ್ಸಿ ಮುಂದಿನದಕ್ಕಿಂತ ಸ್ವಲ್ಪ ಹೆಚ್ಚಿರಲಿ. 60 ಕಿ.ಮೀ. ವೇಗದಲ್ಲಿ ಹಂಪ್ ದಾಟಿದ್ರೆ ಹಿಂದಿನ ಚಕ್ರ 0.15 ಸೆಕೆಂಡ್ ತಡವಾಗಿ ಏರುತ್ತೆ. ಹಿಂದುಗಡೆ ಬೇಗ ತೂಗಿದ್ರೆ ಮುಂದಿನದನ್ನ ಹಿಡಿದುಬಿಡುತ್ತೆ, ಕಾರು ಕುದುರೆ ಹಾಗೆ ಮುಂದೆ ಹಿಂದೆ ಕುಣಿಯಲ್ಲ. ನಮ್ಮ ಹ್ಯಾಚ್‌ಬ್ಯಾಕಿಗೆ ಹಿಂದೆ 2 ಹರ್ಟ್ಸ್ ಇಡಿ.

ಇನ್ನು ಗ್ಯಾರೇಜಿನಲ್ಲಿ ಸ್ಪ್ರಿಂಗ್ ಕತ್ತರಿಸೋ ವಿಚಾರ. ದಯವಿಟ್ಟು ಮಾಡಿಸಬೇಡಿ. ಕೆಲಸ ಮಾಡೋ ಆರು ಸುತ್ತಿನಲ್ಲಿ ಒಂದು ಕತ್ತರಿಸಿದ್ರೆ ಗಡಸುತನ 20 ಪರ್ಸೆಂಟ್ ಮಾತ್ರ ಏರುತ್ತೆ, ಕಾರು ಮಾತ್ರ ಆ ಗಡಸುತನಕ್ಕೆ ಹೊಂದದಷ್ಟು ಕೆಳಗಿಳಿಯುತ್ತೆ. ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಒಳಗೆ ಹೋಗದಂತೆ ತಡೆಯೋ ರಬ್ಬರ್) ಉಳಿದಿದ್ದ ಜಾಗ ಮುಗಿದುಹೋಗುತ್ತೆ. ತುದಿ ಸರಿಯಾಗಿ ಸೀಟಲ್ಲಿ ಕೂರಲ್ಲ, ಚಕ್ರ ಇಳಿಬಿದ್ದಾಗ ಸ್ಪ್ರಿಂಗ್ ಜಾರಬಹುದು. ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಇರೋರು ಇನ್ನೊಂದು ತಪ್ಪು ಮಾಡ್ತಾರೆ: ಕೆಳಗಿನ ಕಾಲರ್ ಬಿಗಿ ಮಾಡಿ ಸ್ಪ್ರಿಂಗ್ ಗಡಸಾಯ್ತು ಅಂದ್ಕೊಳ್ತಾರೆ. ಸಾಮಾನ್ಯ ಸ್ಪ್ರಿಂಗ್‌ನಲ್ಲಿ ಅದರಿಂದ ಬದಲಾಗೋದು ಎತ್ತರ.

ಶಾಕ್ ಅಬ್ಸಾರ್ಬರ್‌ನ ಬಜೆಟ್ ಮೊದಲೇ ಎತ್ತಿಡಿ. ಸ್ಪ್ರಿಂಗ್ ಎರಡರಷ್ಟು ಗಡಸಾದ್ರೆ ಡ್ಯಾಂಪಿಂಗ್ 1.4 ಪಟ್ಟು ಬೇಕು. ಹಳೇ ಶಾಕ್ ಮೇಲೆ ಹೊಸ ಸ್ಪ್ರಿಂಗ್ ಕೂರಿಸಿದ್ರೆ ಹಂಪ್ ಇಳಿದ ಮೇಲೂ ಕಾರು ಇನ್ನೊಂದೆರಡು ಸಲ ತೂಗಾಡುತ್ತೆ. ಆಗ ಜನ ಸ್ಪ್ರಿಂಗ್‌ನ ಬೈತಾರೆ.

ಎಲ್ಲಾ ಕೂರಿಸಿದ ಮೇಲೆ ಎರಡು ರೂಪಾಯಿಯ ಕೇಬಲ್ ಟೈ ತಗೊಳ್ಳಿ. ಡಸ್ಟ್ ಕವರ್ ಎತ್ತಿ, ಶಾಕ್‌ನ ಹೊಳೆಯೋ ರಾಡ್‌ಗೆ ಅದನ್ನ ಸುತ್ತಿ, ಬೆರಳಲ್ಲಿ ಜರುಗುವಷ್ಟು ಬಿಗಿ ಮಾಡಿ, ಕೆಳಗೆ ಸೀಲ್‌ಗೆ ತಾಗೋ ತನಕ ತಳ್ಳಿ. ನಿಮ್ಮ ದಿನದ ದಾರಿಯಲ್ಲಿ ಒಂದು ಸುತ್ತು ಬನ್ನಿ. ಟೈ ಎಲ್ಲಿಗೆ ಏರಿ ನಿಂತಿದೆಯೋ ಅಲ್ಲಿವರೆಗೆ ಶಾಕ್ ಒಳಗೆ ಹೋಗಿದೆ. ಅದು ಬಂಪ್ ಸ್ಟಾಪ್‌ಗಿಂತ 10 ಮಿ.ಮೀ. ಕೆಳಗೇ ನಿಂತಿದ್ರೆ ಸರಿ. ರಬ್ಬರ್‌ಗೆ ಒತ್ತಿಕೊಂಡು ಕೂತಿದ್ರೆ ಮೊದಲು ಕಾರನ್ನ 10 ಮಿ.ಮೀ. ಎತ್ತಿ, ಇನ್ನೊಂದು ಸುತ್ತು ಹೋಗಿ ಬನ್ನಿ. ಆಮೇಲೂ ತಾಗ್ತಿದ್ರೆ ಅರ್ಧ ಕೆ ಜಾಸ್ತಿ ಸ್ಪ್ರಿಂಗ್ ಆರ್ಡರ್ ಮಾಡಿ.