ದ್ವೀಪಕ್ಕೆ ಇಳಿಸದೆ ವಾಪಸ್ ಕರೆತಂದರೆ ಬೇಜಾರಾಗಬೇಡಿ

"ಅಷ್ಟು ದೂರ ಕರೆದುಕೊಂಡು ಹೋಗಿ ಇಳಿಸಲೇ ಇಲ್ಲ, ದುಡ್ಡು ದಂಡ." ಕಡಲಹಕ್ಕಿ, ಸೀಲ್ ಎಂಬ ಕಡಲಪ್ರಾಣಿ ನೋಡಲು ಬಂಡೆ ದ್ವೀಪಗಳಿಗೆ ಹೋದವರು ಹೀಗೆ ಬೈಯೋದು ಮಾಮೂಲು. ನಾನು ಹೇಳೋದು ಉಲ್ಟಾ: ಇಳಿಸದೆ ವಾಪಸ್ ತರುವ ಧೈರ್ಯ ಇರೋ ಬೋಟಿನವರನ್ನೇ ಹುಡುಕಿ.

ಇಂಥ ದ್ವೀಪಗಳಲ್ಲಿ ಹೆಚ್ಚಾಗಿ ಮರಳ ದಂಡೆ ಇರಲ್ಲ, ಬೋಟ್ ಕಲ್ಲಿನ ಮಗ್ಗುಲಿಗೇ ಬಂದು ನಿಲ್ಲಬೇಕು. ದೂರದಿಂದ ಕಡಲು ಶಾಂತವಾಗಿ ಕಂಡರೂ ಬಂಡೆಯ ಹತ್ತಿರ ನೀರು ಉಬ್ಬಿ ಬೋಟನ್ನು ಎತ್ತಿ ಇಳಿಸ್ತಾ ಇರುತ್ತೆ. ಅದು ಪೂರ್ತಿ ಮೇಲೆ ಬಂದು ಅರೆಗಳಿಗೆ ನಿಂತಾಗ ದಾಟಬೇಕು. ಕೆಳಗಿಳಿಯುವಾಗ ಕಾಲಿಟ್ಟರೆ ಬೋಟಿಗೂ ಕಲ್ಲಿಗೂ ಮಧ್ಯೆ ಕಾಲು ಜಜ್ಜಿಹೋಗುತ್ತೆ. ಕ್ಯಾಮೆರಾ ಚೀಲದೊಳಗಿರಲಿ, ಎರಡೂ ಕೈ ಖಾಲಿ ಇರಲಿ. ಜಿಗಿಯಬೇಡಿ, ಹೆಜ್ಜೆ ಇಡಿ. ಹಸಿರು ಪಾಚಿಯ ಮೇಲಂತೂ ಎಂಥ ಶೂ ಹಾಕಿದ್ದರೂ ನಂಬಬೇಡಿ. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮೊದಲೇ ನುಂಗಿ. ಹೊಟ್ಟೆ ತೊಳೆಸಲು ಶುರುವಾದ ಮೇಲೆ ಅದರಿಂದ ಹೆಚ್ಚು ಪ್ರಯೋಜನ ಇಲ್ಲ.

ಇದೆಲ್ಲ ನಮ್ಮ ಕಷ್ಟ. ಅಲ್ಲಿ ಬದುಕೋ ಜೀವಿಗಳ ಕಷ್ಟ ಇದಕ್ಕಿಂತ ದೊಡ್ಡದು. ಗಿಲ್ಲೆಮಾಟ್ ಹಕ್ಕಿ ಗೂಡನ್ನೇ ಕಟ್ಟಲ್ಲ. ಬರಿಗಲ್ಲಿನ ಅಂಚಿನಲ್ಲಿ ಒಂದೇ ಒಂದು ಮೊಟ್ಟೆ ಇಟ್ಟು, ಅದನ್ನು ಪಾದದ ಮೇಲಿಟ್ಟುಕೊಂಡು ಕಾವು ಕೊಡುತ್ತೆ. ಬೋಟ್ ನೇರವಾಗಿ ನುಗ್ಗಿ ಬಂದರೆ ಸಾಲುಸಾಲು ಹಕ್ಕಿಗಳು ಒಟ್ಟಿಗೇ ಹಾರ್ತವೆ, ಪಾದದ ಮೇಲಿದ್ದ ಮೊಟ್ಟೆ ಕಡಲಿಗೆ ಉರುಳುತ್ತೆ, ಉಳಿದದ್ದು ಕಡಲಕಾಗೆಗಳ ಪಾಲು. ಹಾರುವ ಮೊದಲು ಅವು ತಲೆಯನ್ನು ಮೇಲೆ ಕೆಳಗೆ ಆಡಿಸ್ತವೆ. ಅದು ಕಂಡ ಕೂಡಲೇ ಹಿಂದೆ ಸರಿಯಬೇಕು.

ಪಫಿನ್ ಅನ್ನೋ ಕಡಲಹಕ್ಕಿ ಮಣ್ಣಿನಲ್ಲಿ ಬಿಲ ತೋಡುತ್ತೆ. ಕಾಲುದಾರಿ ಬಿಟ್ಟು ಎರಡು ಹೆಜ್ಜೆ ಇಟ್ಟರೂ ಬಿಲ ಕುಸಿದು ಮರಿ ಒಳಗೇ ಹೂತುಹೋಗಬಹುದು. ಕೊಕ್ಕಿನ ತುಂಬ ಮೀನು ಹಿಡಿದ ಪಫಿನ್ ನಿಮ್ಮ ತಲೆಯ ಮೇಲೆ ಸುತ್ತು ಹಾಕ್ತಾನೇ ಇದೆ ಅಂದರೆ, ಬಹುಶಃ ನೀವು ನಿಂತಿರೋದು ಅದರ ಬಿಲದ ಬಾಯಲ್ಲೇ. ಫೋಟೋ ತೆಗೆಯೋದು ಬಿಟ್ಟು ಆ ಜಾಗ ಖಾಲಿ ಮಾಡಿ, ಅಲ್ಲಿ ಮರಿ ಹಸಿದು ಕೂತಿದೆ. ಸೀಲ್‌ಗಳು ಬೆದರಿ ನೀರಿಗೆ ನುಗ್ಗಿದರೆ ತಮ್ಮ ಮರಿಗಳನ್ನೇ ತುಳಿದುಬಿಡ್ತವೆ.

ಇಂಗ್ಲೆಂಡಿನ ಫಾರ್ನ್ ದ್ವೀಪಗಳಲ್ಲಿ 2022ರಲ್ಲಿ ಹಕ್ಕಿಜ್ವರ ಬಂದಾಗ ಜನರನ್ನು ಇಳಿಸೋದನ್ನೇ ನಿಲ್ಲಿಸಿದರು. ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 45 ಕಿ.ಮೀ. ದೂರದ ಫ್ಯಾರಲಾನ್ ದ್ವೀಪಗಳಿಗೆ ಪ್ರವಾಸಿಗಳು ಕಾಲಿಡೋ ಹಾಗೇ ಇಲ್ಲ. ಆದರೂ ಜನ ಬೋಟಿನಲ್ಲಿ ಹೋಗಿ, ನೀರಿನ ಮೇಲಿಂದಲೇ ಹಕ್ಕಿ, ಸೀಲ್, ತಿಮಿಂಗಿಲ ನೋಡ್ಕೊಂಡು ಬರ್ತಾರೆ.

ಇಳಿಯೋ ಅವಕಾಶ ಸಿಕ್ಕರೆ ಹೊರಡುವ ಮುಂಚೆ ಶೂ ಅಡಿಯ ಮಣ್ಣು, ಬೀಜ ಉಜ್ಜಿ ತೆಗೆಯಿರಿ, ಚೀಲದ ತಳವನ್ನೂ ಒಮ್ಮೆ ಕೊಡವಿ ನೋಡಿ. ಇಂಗ್ಲೆಂಡಿನ ಲಂಡಿ ದ್ವೀಪದಲ್ಲಿ ಹೊರಗಿನಿಂದ ಬಂದು ಮೊಟ್ಟೆ, ಮರಿ ತಿನ್ನುತ್ತಿದ್ದ ಇಲಿಗಳನ್ನು ನಿರ್ಮೂಲ ಮಾಡಲು ವರ್ಷಗಟ್ಟಲೆ ಹಿಡಿಯಿತು. ಇಲಿ ಹೋದ ಮೇಲೆ ಅಲ್ಲಿ ಬಿಲದ ಹಕ್ಕಿಗಳು ಮತ್ತೆ ಹೆಚ್ಚಿದವು. ಟಿಕೆಟ್ ತೆಗೆಯುವಾಗ ಬೋಟಿನವರನ್ನು ಒಂದು ಮಾತು ಕೇಳಿ: "ಇಳಿಸಲು ಆಗದಿದ್ದರೆ ಗಾಳಿಮರೆಯ ಯಾವ ಬದಿಗೆ ಒಯ್ತೀರಿ, ಎಷ್ಟು ಹೊತ್ತು ನಿಲ್ಲಿಸ್ತೀರಿ?" ತಕ್ಷಣ ಉತ್ತರ ಕೊಟ್ಟರೆ ಹತ್ತಿ.