ಗಾಳಿಗೆ ಎರಡು ದಾರಿ ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು, ಶಾಲೆಯ ಮಾಸ್ತರರು, ದವಾಖಾನೆಯ ಸಿಸ್ಟರ್‌ಗಳು, ಕೋಚಿಂಗ್ ಕ್ಲಾಸ್ ನಡೆಸುವವರು, ಸರ್ಕಾರಿ ಕಚೇರಿಯಲ್ಲಿ ಫೈಲುಗಳ ನಡುವೆ ದಿನ ಕಳೆಯುವವರು, ಇವತ್ತಿನ ಮಾತು ನಿಮಗಾಗಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಕೋಣೆಯ ಗಾಳಿ ನಿಮ್ಮ ಪಾಲಿಗೆ. ಕುಡಿಯುವ ನೀರು ಶುದ್ಧ ಇದೆಯಾ ಅಂತ ಕೇಳುತ್ತೀರಿ, ಫಿಲ್ಟರ್ ಹಾಕಿಸುತ್ತೀರಿ. ಗಾಳಿಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ನಾನು ಹೇಳುವುದು ಒಂದೇ ಮಾತು. ಗಾಳಿಗೆ ಎರಡು ದಾರಿ ಬೇಕು. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು.

ನಮ್ಮ ಬಾಗಲಕೋಟೆ, ವಿಜಯಪುರ ಕಡೆಯ ಹಳೆಯ ಮಾಳಿಗೆ ಮನೆ ನೋಡಿ. ಅಡುಗೆಮನೆಯ ಮೇಲೆ ಬೆಳಕಿಂಡಿ ಇರುತ್ತದೆ. ಬಿಸಿ ಗಾಳಿ, ಹೊಗೆ ಎಲ್ಲ ಮೇಲೇರಿ ಅಲ್ಲಿಂದ ಹೊರಬೀಳುತ್ತದೆ. ಆ ಜಾಗ ತುಂಬಲು ತಲಬಾಗಿಲಿನಿಂದ ಹೊಸ ಗಾಳಿ ಬರುತ್ತದೆ. ಕರೆಂಟು ಬೇಡ, ಮೋಟರ್ ಬೇಡ. ಈಗಿನ ಕಚೇರಿಗಳಲ್ಲಿ ದೊಡ್ಡ ಗಾಜಿನ ಕಿಟಕಿ ಇರುತ್ತದೆ, ಆದರೆ ತೆರೆಯುವುದಿಲ್ಲ. ತೆರೆಯುವಂಥದ್ದು ಇದ್ದರೆ ಅದರ ಮುಂದೆ ಕಬ್ಬಿಣದ ಕಪಾಟು ನಿಂತಿರುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಬೇಸರ ಆಗುತ್ತದೆ.

ವಿಜಯಪುರದ ಒಂದು ರೀಡಿಂಗ್ ರೂಮಿನ ವಿಷಯ ಹೇಳುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಿಂಗಳ ಫೀ ಕಟ್ಟಿ ಬಂದು ಕೂರುವ ಜಾಗ. ಮೇ ತಿಂಗಳಲ್ಲಿ ಅದರ ಮಾಲೀಕರು ಫೋನ್ ಮಾಡಿದರು. "ಸರ್ರ, ಎರಡು ಏಸಿ ಹಾಕ್ಸೇನ್ರಿ. ಆದ್ರೂ ಮಧ್ಯಾಹ್ನ ಆತಂದ್ರ ಹುಡುಗ್ರೆಲ್ಲ ತೂಕಡಸ್ತಾರ. ಊಟ ಜಾಸ್ತಿ ಆಗಿರಬೇಕು ಅನಸ್ತದ್ರಿ."

ಹೋದೆ. ಬಾಗಿಲು ತೆರೆದ ಕೂಡಲೇ ಬೆವರು, ತಲೆಗೆಣ್ಣೆ, ಟಿಫಿನ್ ಡಬ್ಬಿಯ ವಾಸನೆ ಎಲ್ಲ ಸೇರಿ ಮುಖಕ್ಕೆ ಬಡಿಯಿತು. ಒಳಗೆ ಕೂತವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಮೂಗು ಒಗ್ಗಿಹೋಗಿತ್ತು. ಪ್ಲೈವುಡ್ ಗೂಡುಗಳಲ್ಲಿ ಮಕ್ಕಳು ಒತ್ತೊತ್ತಾಗಿ ಕೂತಿದ್ದರು. ಗೋಡೆಯ ಪಕ್ಕದ ಹುಡುಗಿ ಹಣೆಗೆ ಬಾಮ್ ಹಚ್ಚಿಕೊಳ್ಳುತ್ತಿದ್ದಳು. ಇದ್ದ ಒಂದೇ ಕಿಟಕಿಗೆ ಥರ್ಮಕೋಲ್ ತುರುಕಿ, ಅಂಚಿಗೆಲ್ಲ ಟೇಪ್ ಅಂಟಿಸಿದ್ದರು. ತಂಪು ಹೊರಗೆ ಹೋಗಬಾರದಲ್ವಾ!

ನನ್ನ ಹತ್ತಿರ ಅಂಗೈ ಅಗಲದ ಒಂದು ಮೀಟರ್ ಇದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ತೋರಿಸುತ್ತದೆ. ಹೊರಗೆ ಬಯಲಿನಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು. ನಾವು ಬಿಡುವ ಉಸಿರಿನಲ್ಲಿ ಅದರ ನೂರು ಪಟ್ಟು ಇರುತ್ತದೆ. ಕೋಣೆಯೊಳಗೆ 1000 ದಾಟಬಾರದು ಅಂತ ಜರ್ಮನಿಯ ಮ್ಯೂನಿಕ್‌ನಲ್ಲಿ ಪೆಟೆನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲೇ ಹೇಳಿದ್ದರು. ಆ ರೀಡಿಂಗ್ ರೂಮಿನಲ್ಲಿ ಅಂಕಿ ಏರುತ್ತಾ ಏರುತ್ತಾ ಮೂರು ಸಾವಿರದ ಹತ್ತಿರ ಹೋಯಿತು. ಒಬ್ಬರು ಬಿಟ್ಟ ಉಸಿರನ್ನು ಪಕ್ಕದವರು ಎಳೆದುಕೊಳ್ಳುತ್ತಿದ್ದಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ತಲೆ ಭಾರ ಆಗದೆ ಇನ್ನೇನಾಗುತ್ತದೆ?

ಮಾಲೀಕರು ಏಸಿ ಕಡೆ ಕೈ ತೋರಿಸಿದರು. ಗೋಡೆಗೆ ಹಾಕುವ ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ಮತ್ತೆ ಅಲ್ಲಿಗೇ ಬಿಡುತ್ತದೆ. ಕೆಟ್ಟ ನೀರನ್ನು ಫ್ರಿಜ್ಜಿನಲ್ಲಿಟ್ಟು ಕುಡಿದ ಹಾಗೆ.

ಥರ್ಮಕೋಲ್ ಕಿತ್ತೆವು. ಕಿಟಕಿಯ ಹತ್ತಿರ ಒಂದು ಊದುಬತ್ತಿ ಹಚ್ಚಿ ಹಿಡಿದೆ. ಹೊಗೆ ನೆಟ್ಟಗೆ ಮೇಲೆ ಹೋಯಿತೇ ಹೊರತು ಕಿಟಕಿಯ ಕಡೆ ಸರಿಯಲಿಲ್ಲ. ಕಿಟಕಿ ತೆರೆದಿದೆ, ಗಾಳಿ ಮಾತ್ರ ಆಡುತ್ತಿಲ್ಲ. ಆಮೇಲೆ ಆ ಕಡೆಯ ಬಾಗಿಲು ತೆರೆಸಿದೆ. ಹೊಗೆ ಬಳುಕಿತು, ಅಡ್ಡ ತಿರುಗಿತು, ಸರ್ರನೆ ಕಿಟಕಿಯಿಂದ ಹೊರಗೆ ಹೋಯಿತು. ಮಕ್ಕಳೆಲ್ಲ ಪುಸ್ತಕ ಬಿಟ್ಟು ಅದನ್ನೇ ನೋಡುತ್ತಿದ್ದರು. ನೀವೂ ನಿಮ್ಮ ಕಚೇರಿಯಲ್ಲಿ ಮಾಡಿ ನೋಡಿ, ಒಂದು ಊದುಬತ್ತಿ ಸಾಕು.

"ತಂಪ ಹೊರಗ ಹೋಗ್ತದಲ್ರಿ, ಬಿಲ್ ಯಾರ್ ಕಟ್ಟೋರು?" ಅಂದರು ಮಾಲೀಕರು. ಮಕ್ಕಳು ಫೀ ಕಟ್ಟುವುದು ಓದಲಿಕ್ಕೆ, ತೂಕಡಿಸಲಿಕ್ಕಲ್ಲ ಅಂದೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಲು ಒಪ್ಪಿದರು. ಮರುವಾರ ಹೋಗಿ ನೋಡಿದರೆ, ವೈರ್ ಉಳಿಯುತ್ತದೆ ಅಂತ ಎಲೆಕ್ಟ್ರಿಷಿಯನ್ ಅದನ್ನು ತೆರೆದ ಕಿಟಕಿಯ ಪಕ್ಕದಲ್ಲೇ ಕೂರಿಸಿದ್ದ. ಕಿಟಕಿಯಿಂದ ಬಂದ ಗಾಳಿ ಹಾಗೇ ಫ್ಯಾನಿನಿಂದ ಹೊರಗೆ. ಮೂಲೆಯಲ್ಲಿ ಕೂತವರಿಗೆ ಏನೂ ಇಲ್ಲ. ಎರಡು ದಾರಿ ಅಂದರೆ ಎದುರುಬದುರು ಇರಬೇಕು. ಫ್ಯಾನನ್ನು ಎದುರಿನ ಗೋಡೆಗೆ, ಮೇಲೆ, ಸೂರಿನ ಹತ್ತಿರ ಕೂರಿಸಿದ ಮೇಲೆ ಮೀಟರ್ 1000ದ ಆಸುಪಾಸಿಗೆ ಇಳಿಯಿತು.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೂಲರ್ ಇಟ್ಟಿದ್ದರೆ ಅದರ ಬೆನ್ನು ಹೊರಗಿನ ಗಾಳಿಗೆ ಇರಲಿ, ಎದುರಿನ ಕಿಟಕಿ ತೆರೆದಿರಲಿ. ಎಲ್ಲ ಮುಚ್ಚಿಕೊಂಡು ಕೂಲರ್ ಹಚ್ಚಿದರೆ ತೇವ ಒಳಗೇ ತುಂಬಿ ಮೈ ಅಂಟಂಟಾಗುತ್ತದೆ. ಧೂಳು ಬರುತ್ತದೆ ಅಂತ ಹೇಳುವವರು ರಸ್ತೆಯ ಕಡೆಯ ಕಿಟಕಿ ಮುಚ್ಚಿ, ಹಿತ್ತಲ ಕಡೆಯವು ಎರಡು ತೆರೆಯಿರಿ. ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬೆಳಗಾವಿಯವರು ಮಳೆಗಾಲ ಪೂರ್ತಿ ಕಿಟಕಿ ಮುಚ್ಚಿರುತ್ತಾರೆ. ಚಳಿ ಆದರೆ ಸ್ವೆಟರ್ ಹಾಕಿಕೊಳ್ಳಿ, ಮೇಲಿನ ಕಿಂಡಿಯನ್ನಾದರೂ ತೆಗೆದಿಡಿ.

ದವಾಖಾನೆಯವರಿಗೆ ಕೈಮುಗಿದು ಕೇಳುತ್ತೇನೆ. ಕ್ಷಯ ಗಾಳಿಯಿಂದ ಹರಡುವ ರೋಗ. ಕೆಮ್ಮಿದವರು ಎದ್ದು ಹೋದ ಮೇಲೂ ಅದರ ರೋಗಾಣು ಕೋಣೆಯ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿರಬಹುದು. ಹೊರರೋಗಿಗಳನ್ನು ಕಿಟಕಿ ಇಲ್ಲದ ಕಾರಿಡಾರಿನಲ್ಲಿ ಸಾಲಾಗಿ ಕೂರಿಸಬೇಡಿ. ವರಾಂಡದಲ್ಲಿ, ಗಾಳಿ ಆಡುವ ಕಡೆ ಬೆಂಚ್ ಹಾಕಿಸಿ. ಬೆಂಚ್ ಸರಿಸಲು ಯಾವ ಟೆಂಡರೂ ಬೇಡ.

ರಬಕವಿ ಬನಹಟ್ಟಿಯ ಮಗ್ಗದ ಶೆಡ್ಡುಗಳಲ್ಲಿ ನೂಲಿನ ಧೂಳು ವರ್ಷಗಟ್ಟಲೆ ಎದೆಗೆ ಇಳಿಯುತ್ತದೆ. ಅಲ್ಲಿ ಎರಡು ದಾರಿಯ ಜೊತೆಗೆ ಮಾಸ್ಕ್ ಕೂಡ ಬೇಕು.

ಪಾಯಿಖಾನೆ ತೊಳೆಯುವಾಗ ಬ್ಲೀಚಿಂಗ್ ಪೌಡರ್ ಮತ್ತು ಆ್ಯಸಿಡ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ಕ್ಲೋರಿನ್ ವಿಷಗಾಳಿ ಎದ್ದು ತೊಳೆಯುವವರ ಜೀವಕ್ಕೇ ಕುತ್ತು.

ಇನ್ನು ಜನರೇಟರ್. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೂತಲ್ಲೇ ಜನ ಸಾಯುತ್ತಾರೆ. ನಿಮ್ಮ ಕಟ್ಟಡದಲ್ಲಿ ಅದನ್ನು ಮೆಟ್ಟಿಲ ಕೆಳಗೋ ಅಂಗಡಿಯ ಒಳಗೋ ಇಟ್ಟಿದ್ದರೆ, ಇವತ್ತೇ ಬಯಲಿಗೆ, ಕಿಟಕಿಗಳಿಂದ ದೂರ ಇಡಿಸಿ. ನಮಸ್ಕಾರ.