ಹಾಡು ಗೊತ್ತು, ರಾಗ ಹಾಕಿದವರು?

ಕೇಳುಗ ಬಂಧುಗಳಿಗೆ ನಮಸ್ಕಾರ.

ನಾಡಗೀತೆಯನ್ನು ಬರೆದವರು ಯಾರೆಂದು ಕೇಳಿದರೆ ಪ್ರಾಥಮಿಕ ಶಾಲೆಯ ಮಗುವೂ ಕುವೆಂಪು ಎನ್ನುತ್ತದೆ. ಅದಕ್ಕೆ ರಾಗ ಹಾಕಿದವರು ಯಾರೆಂದು ಕೇಳಿ ನೋಡಿ. ಮಗು ಇರಲಿ, ಹಾಡಿಸುವ ಮೇಷ್ಟ್ರೇ ಒಂದು ಗಳಿಗೆ ತಡವರಿಸುತ್ತಾರೆ. ಮೈಸೂರು ಅನಂತಸ್ವಾಮಿ. ಇವತ್ತಿನ ನನ್ನ ಮಾತೆಲ್ಲ ಆ ಹೆಸರಿನ ಸುತ್ತಲೇ.

ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬಂದದ್ದು ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ. ಜೊತೆಗೆ ಬಂದ ಮೊದಲ ಕ್ಯಾಸೆಟ್ ‘ನಿತ್ಯೋತ್ಸವ’. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಅನಂತಸ್ವಾಮಿಯವರ ಸಂಗೀತ. 1978ರಲ್ಲಿ ಹೊರಬಂದ ಅದು ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್. ಅದಕ್ಕೆ ಮೊದಲು ಕವಿತೆ ಹಾಡಾಗಿರಲಿಲ್ಲವೆಂದಲ್ಲ. ಪಿ. ಕಾಳಿಂಗರಾಯರು ನಾಡಿನ ಮೂಲೆ ಮೂಲೆಗೂ ಕವಿಗಳ ಸಾಲುಗಳನ್ನು ಹೊತ್ತೊಯ್ದಿದ್ದರು. ಆದರೆ ಗ್ರಾಮಫೋನಿನ ಹಳೆಯ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಕವಿತೆ ಎಷ್ಟೇ ಉದ್ದವಿರಲಿ, ಅಷ್ಟರೊಳಗೆ ಮುಗಿಯಬೇಕು. ಕ್ಯಾಸೆಟ್ ಬಂದ ಮೇಲೆ ಒಬ್ಬ ಕವಿಯ ಜೊತೆ ಒಂದು ಸಂಜೆ ಪೂರ್ತಿ ಕುಳಿತುಕೊಳ್ಳುವುದು ಸಾಧ್ಯವಾಯಿತು. ಪದ್ಯದ ಪುಸ್ತಕ ಕೊಳ್ಳದ ಮನೆಗಳಿಗೂ ನಿಸಾರರು ಬಂದರು. ಓದು ಬಾರದ ನಮ್ಮ ಅಜ್ಜಿಗೆ ನವ್ಯ ಕಾವ್ಯದ ಕವಿಯೊಬ್ಬರ ಸಾಲುಗಳು ಬಾಯಿಪಾಠವಾಗಿದ್ದವು.

ಅಜ್ಜಿಗೆ ಅದು ಹೇಗೆ ಸಾಧ್ಯವಾಯಿತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ನನಗೆ ತೋರುವುದು ಇಷ್ಟು. ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಮಾತು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ಹಾಡೂ ಉಸಿರು ತೆಗೆದುಕೊಳ್ಳುತ್ತದೆ. ತಾಳಕ್ಕೆ ಹೊಂದಲಿ ಎಂದು ಪದವನ್ನು ಎರಡು ತುಂಡು ಮಾಡುವುದಿಲ್ಲ. ತಾರಸ್ಥಾಯಿಗೆ ಹೋಗುವುದಿದ್ದರೆ ಅರ್ಥ ಅಲ್ಲಿಗೆ ಕರೆದರೆ ಮಾತ್ರ ಹೋಗುತ್ತಾರೆ. ಆದ್ದರಿಂದಲೇ ಸಂಗೀತ ಕಲಿಯದವರೂ ಅವರ ಹಾಡುಗಳನ್ನು ಶ್ರುತಿ ತಪ್ಪದೆ ಹಾಡಿಕೊಳ್ಳುತ್ತಾರೆ. ಬಟ್ಟೆ ಒಗೆಯುತ್ತಾ, ರೊಟ್ಟಿ ತಟ್ಟುತ್ತಾ ಹಾಡಲು ಬರುವ ರಾಗ ಕಟ್ಟುವುದು ಸುಲಭವೆಂದು ಕಾಣುತ್ತದೆ. ಹಾರ್ಮೋನಿಯಂ ಮುಂದೆ ಕುಳಿತು ಒಂದು ಪದ್ಯಕ್ಕೆ ಹಾಗೆ ರಾಗ ಹಾಕಿ ನೋಡಿದವರಿಗೆ ಅದರ ಕಷ್ಟ ತಿಳಿಯುತ್ತದೆ. ನಾನು ಹಲವು ರಾತ್ರಿ ಪ್ರಯತ್ನಿಸಿದ್ದೇನೆ, ಒಂದು ಪಲ್ಲವಿಯೂ ನಿಲ್ಲಲಿಲ್ಲ.

ಜಿ.ಪಿ. ರಾಜರತ್ನಂ ಅವರ ರತ್ನನ ಪದಗಳನ್ನು ಅವರು ಹಾಡಿದ ಬಗೆಯನ್ನೇ ನೋಡಿ. ಕುಡುಕನ ಬಾಯಲ್ಲಿ ಬಂದ ಪದ ಎಂದು ನಗಿಸಲು ಹೊರಟಿದ್ದರೆ ಚಪ್ಪಾಳೆ ಸಿಗುತ್ತಿತ್ತು. ಅವರು ರತ್ನನ ಒಳಗಿನ ನೋವನ್ನು ಹಾಡಿದರು. ಮಗ ರಾಜು ಅನಂತಸ್ವಾಮಿ ಅದೇ ಪದಗಳನ್ನು ಮುಂದಿನ ತಲೆಮಾರಿನ ವೇದಿಕೆಗಳಿಗೆ ತಂದರು. 2009ರಲ್ಲಿ, ಇನ್ನೂ ಹಾಡಬೇಕಾದ ವಯಸ್ಸಿನಲ್ಲಿ ಅವರೂ ಹೋದರು.

ಭಾವಗೀತೆಗಳಿಗೆ ರಾಗ ಹಾಕಿ ಹಾಡಿದ ಇನ್ನೊಬ್ಬ ಹೆಸರಾಂತ ಸಂಗೀತಗಾರ ಸಿ. ಅಶ್ವತ್ಥರ ಅಭಿಮಾನಿಗಳು ನನ್ನ ಮೇಲೆ ಮುನಿಸಿಕೊಳ್ಳಬಾರದು. ‘ಮೈಸೂರು ಮಲ್ಲಿಗೆ’ಯ ಕ್ಯಾಸೆಟ್ಟು ನಮ್ಮ ಮನೆಯಲ್ಲೂ ತಿರುಗಿ ತಿರುಗಿ ಸವೆದಿದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅವರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮಕ್ಕೆ ಸೇರಿದ್ದ ಜನಸಾಗರವನ್ನು ಕನ್ನಡಿಗರು ಮರೆಯುವುದಿಲ್ಲ. ಆದರೆ ಅನಂತಸ್ವಾಮಿ ತೀರಿಕೊಂಡದ್ದು 1995ರಲ್ಲಿ. ಅಂಥ ದೊಡ್ಡ ವೇದಿಕೆಗಳು ಬರುವ, ಖಾಸಗಿ ವಾಹಿನಿಗಳು ಮನೆಮನೆಗೂ ಹರಡುವ ಮೊದಲೇ. ಅವರ ಮುಖ ಜನರಿಗೆ ಪರಿಚಯವಾಗಲಿಲ್ಲ, ರಾಗ ಮಾತ್ರ ಉಳಿಯಿತು.

2022ರ ಆಗಸ್ಟಿನಲ್ಲಿ ಶಿವಮೊಗ್ಗ ಸುಬ್ಬಣ್ಣ ತೀರಿಕೊಂಡಾಗ ನಾವು ನಾಲ್ವರು ಹಳೆಯ ಗೆಳೆಯರು ಒಂದೆಡೆ ಸೇರಿದ್ದೆವು. ವಕೀಲಿ ವೃತ್ತಿ ನಡೆಸುತ್ತಲೇ ಹಾಡಿದವರು ಅವರು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದು, ಹಿನ್ನೆಲೆ ಗಾಯನಕ್ಕೆ ಆ ಗೌರವ ತಂದ ಮೊದಲ ಕನ್ನಡಿಗರಾದರು. ಷರೀಫರ ತತ್ತ್ವಪದ ಅವರ ಕಂಠದಲ್ಲಿ ಕೇಳಬೇಕು, ಮಣ್ಣಿನ ವಾಸನೆ ಬರುತ್ತದೆ. ಆ ರಾತ್ರಿ ನಾವು ಯಾರ ಯಾವ ಕ್ಯಾಸೆಟ್ಟು ಮೇಲು ಎಂದು ವಾದ ಮಾಡುತ್ತಾ ಬೆಳಗಿನ ಜಾವದವರೆಗೆ ಎಚ್ಚರವಿದ್ದೆವು. ಮರು ತಿಂಗಳೇ ಸರ್ಕಾರ, ಯಾವ ರಾಗದಲ್ಲಿ ಹಾಡಬೇಕೆಂಬ ವರ್ಷಗಳ ಚರ್ಚೆಗೆ ತೆರೆ ಎಳೆದು, ನಾಡಗೀತೆಗೆ ಅನಂತಸ್ವಾಮಿಯವರ ರಾಗಸಂಯೋಜನೆಯನ್ನೇ ಗೊತ್ತುಮಾಡಿತು. ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂಬ ನಿಯಮ ಬೇರೆ. ಸುದ್ದಿ ಕೇಳಿ ಗೆಳೆಯನೊಬ್ಬ ದೂರವಾಣಿಯಲ್ಲಿ ಮಾತೇ ಆಡದೆ ಹಾಡನ್ನು ಪೂರ್ತಿ ಹಾಡಿ ಇಟ್ಟುಬಿಟ್ಟ.

ನಮ್ಮ ‘ನಿತ್ಯೋತ್ಸವ’ ಇನ್ನೂ ಇದೆ. ಒಮ್ಮೆ ಟೇಪು ಸುತ್ತಿಕೊಂಡು ಹರಿದಾಗ ಅಪ್ಪ ಅಂಟುಪಟ್ಟಿ ಹಾಕಿ ಜೋಡಿಸಿ, ಪೆನ್ಸಿಲ್ ತೂರಿಸಿ ಸುತ್ತಿದ್ದರು. ಜೋಡಿಸಿದ ಕಡೆ ಅರ್ಧ ಸಾಲು ನುಂಗಿಹೋಗಿದೆ. ಈಗ ಮೊಬೈಲಿನಲ್ಲಿ ಆ ಹಾಡು ಪೂರ್ತಿಯಾಗಿಯೇ ಸಿಗುತ್ತದೆ. ಆದರೂ ಹಬ್ಬಕ್ಕೆ ಅಣ್ಣತಮ್ಮಂದಿರು ಸೇರಿ ಹಾಡುವಾಗ ಎಲ್ಲರೂ ಆ ಅರ್ಧ ಸಾಲನ್ನು ಒಟ್ಟಿಗೆ ಬಿಟ್ಟು ಮುಂದಕ್ಕೆ ಹೋಗುತ್ತೇವೆ.

ನಮಸ್ಕಾರ.